ಬಣ್ಣವಿಲ್ಲದೆ ವೇಷ ಕಟ್ಟುವವರು

ಸಾಗರದ ಸಮೀಪದ ಹಳ್ಳಿಯಿಂದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಬರೆದಿದ್ದಾರೆ. ಮಕ್ಕಳು ನೋಡುವ ಕಾರ್ಯಕ್ರಮಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವು ಜಪಾನಿನ ‘ಮಾಂತ್ರಿಕ ಹುಡುಗಿ’ ಅನಿಮೆಗಳನ್ನು, ಅಂದರೆ ಮಾಯಾಶಕ್ತಿಯುಳ್ಳ ಹುಡುಗಿಯರ ಕಥೆ ಹೇಳುವ ಕಾರ್ಟೂನ್ ಧಾರಾವಾಹಿಗಳನ್ನು, ಮೆಚ್ಚಿಕೊಂಡಿದ್ದು ಅವರಿಗೆ ಹಿಡಿಸಿಲ್ಲ. ಪತ್ರದ ಮುಖ್ಯ ಭಾಗ ಹೀಗಿದೆ:

“ರಜೆಗೆ ಬಂದ ಮೊಮ್ಮಗಳು ಹದಿನೈದು ದಿನ ಅದನ್ನೇ ನೋಡಿದಳು. ಏನಿದೆ ನೋಡೋಣವೆಂದು ನಾನೂ ಪಕ್ಕದಲ್ಲಿ ಕೂತೆ. ಪ್ರತಿ ಕಂತಿನಲ್ಲೂ ಹುಡುಗಿ ಅದೇ ರೀತಿ ಗಿರ್ರನೆ ತಿರುಗಿ ಅದೇ ಉಡುಪು ತೊಡುತ್ತಾಳೆ. ಒಮ್ಮೆ ಬರೆದ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುವುದು ಮೈಗಳ್ಳತನವಲ್ಲವೇ? ಇನ್ನು ಆ ದನಿ! ವಯಸ್ಸಾದ ಹೆಂಗಸರು ಮಗುವಿನಂತೆ ಕೀರಲು ಸ್ವರ ತೆಗೆಯುವುದನ್ನು ಕಲೆ ಎನ್ನುತ್ತೀರಾ? ಮೂವತ್ತು ವರ್ಷ ಹವ್ಯಾಸಿ ನಾಟಕಗಳಲ್ಲಿ ಬಣ್ಣ ಹಚ್ಚಿದವನು ನಾನು. ಮುಖವನ್ನೇ ತೋರಿಸದವರನ್ನು ನಟರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.”

ಮೇಷ್ಟ್ರೇ, ಹದಿನೈದು ದಿನ ಮೊಮ್ಮಗಳ ಪಕ್ಕದಲ್ಲಿ ಕೂತು ನೋಡಿದ ಮೇಲೆ ಬರೆದಿದ್ದೀರಿ. ನೋಡದೆಯೇ ಬೈಯುವ ಪತ್ರಗಳ ನಡುವೆ ನಿಮ್ಮದು ಬೇರೆಯಾಗಿ ಕಂಡಿತು. ಅದಕ್ಕಾಗಿಯೇ ಎರಡು ಸಾಲಿನ ಉತ್ತರ ಸಾಲದೆನಿಸಿ ಇಷ್ಟು ಜಾಗ ತೆಗೆದುಕೊಂಡಿದ್ದೇನೆ. ನಿಮ್ಮ ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಾನು ಒಪ್ಪದಿರುವುದು ಮುಖ್ಯವಾಗಿ ಅದನ್ನೇ.

ಕನ್ನಡದಲ್ಲಿ ಈ ಕೆಲಸವನ್ನು ಕಂಠದಾನ ಎನ್ನುತ್ತೇವೆ. ಚಂದದ ಪದ. ಆದರೆ ದಾನ ಎಂದ ಕೂಡಲೇ ಪಾತ್ರ ಇನ್ನೊಬ್ಬರದು, ಇವರದು ಬರೀ ಕಂಠ ಎಂಬ ಅರ್ಥ ಬಂದುಬಿಡುತ್ತದೆ. ಸಿನಿಮಾದ ಮಟ್ಟಿಗೆ ಅದು ಸರಿ. ತೆರೆಯ ಮೇಲೆ ಒಬ್ಬ ನಟಿ ನಟಿಸಿ ಮುಗಿಸಿರುತ್ತಾಳೆ, ಇನ್ನೊಬ್ಬರು ಬಂದು ಆ ತುಟಿಗೆ ಮಾತು ಕೂಡಿಸುತ್ತಾರೆ. ಅನಿಮೆಯಲ್ಲಿ ಆ ಮೊದಲಿನ ನಟಿಯೇ ಇಲ್ಲ. ಇರುವುದು ಗೆರೆ ಮತ್ತು ಬಣ್ಣ. ಅಳು ಎಲ್ಲಿ ಒಡೆಯಬೇಕು, ಸಿಟ್ಟನ್ನು ಎಷ್ಟು ನುಂಗಬೇಕು, ಸುಳ್ಳು ಹೇಳುವಾಗ ಉಸಿರು ಎಲ್ಲಿ ತಡವರಿಸಬೇಕು ಎಂಬುದನ್ನೆಲ್ಲ ಮೈಕಿನ ಮುಂದೆ ನಿಂತವಳೇ ಕಂಡುಕೊಳ್ಳಬೇಕು. ಜಪಾನೀಯರು ಅವಳನ್ನು ‘ಸೇಯೂ’ ಎನ್ನುತ್ತಾರೆ. ‘ಸೇ’ ಎಂದರೆ ದನಿ, ‘ಯೂ’ ಎಂದರೆ ನಟ ಅಥವಾ ನಟಿ. ದಾನದ ಮಾತೇ ಅಲ್ಲಿಲ್ಲ.

ಆ ಕೋಣೆಯ ಒಳಗನ್ನು ಸ್ವಲ್ಪ ಹೇಳುತ್ತೇನೆ, ರಂಗದ ಮೇಲೆ ನಿಂತ ನಿಮಗೆ ಅದು ಬೇಗ ಅರ್ಥವಾಗುತ್ತದೆ. ಗೋಡೆಯ ಉದ್ದಕ್ಕೂ ಆಸನಗಳು, ಎದುರಿಗೆ ಚಿತ್ರ ಮೂಡುವ ತೆರೆ, ಅದರ ಮುಂದೆ ಮೂರೋ ನಾಲ್ಕೋ ಮೈಕುಗಳು. ಕಲಾವಿದರು ಹತ್ತು ಹನ್ನೆರಡು ಜನ ಇರಬಹುದು. ತನ್ನ ಮಾತು ಬರುವ ಕ್ಷಣಕ್ಕೆ ಎದ್ದು ಬಂದು ಮೈಕಿಗೆ ನಿಲ್ಲಬೇಕು, ಮುಗಿದ ತಕ್ಷಣ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಜಾಗ ಬಿಡಬೇಕು. ಹೆಜ್ಜೆಯ ಸದ್ದಾಗಬಾರದು. ಕೈಯಲ್ಲಿರುವ ಪ್ರತಿಯ ಹಾಳೆ ತಿರುವುವ ಸದ್ದು ಬರಬಾರದು. ಸರಬರ ಎನ್ನುವ ಬಟ್ಟೆ ತೊಟ್ಟು ಬರುವಂತಿಲ್ಲ. ಎಷ್ಟೋ ಸಲ ಚಿತ್ರವೇ ಪೂರ್ತಿಯಾಗಿರುವುದಿಲ್ಲ. ಬರೀ ಪೆನ್ಸಿಲ್ ಗೆರೆಗಳು, ಯಾರ ಮಾತು ಎಲ್ಲಿಂದ ಎಲ್ಲಿಯವರೆಗೆ ಎಂದು ಸೂಚಿಸುವ ಗುರುತುಗಳು. ಅಷ್ಟನ್ನು ನೋಡಿಕೊಂಡು ಆಕೆ ಬೆಟ್ಟದ ತುದಿಯಿಂದ ಬೀಳುವವಳ ಕೂಗನ್ನು ಕೂಗಬೇಕು. ಹೊಡೆದಾಟದ ಭಾಗದಲ್ಲಿ ಮಾತೇ ಇರುವುದಿಲ್ಲ, ಪುಟದ ತುಂಬ ಉಸಿರು, ನರಳು, ಹೂಂಕಾರ. ಅದಷ್ಟನ್ನೂ ನಿಂತಲ್ಲಿಯೇ, ಕೈಕಾಲು ಬೀಸದೆ, ಗಂಟಲು ಮತ್ತು ಹೊಟ್ಟೆಯಿಂದ ತೆಗೆಯಬೇಕು. ಆಕಾಶವಾಣಿ ನಾಟಕ ಕೇಳಿ ಬೆಳೆದ ನಮ್ಮ ತಲೆಮಾರಿಗೆ ಇದು ಹೊಸ ವಿದ್ಯೆಯೇನಲ್ಲ. ಆ ನಾಟಕಗಳಲ್ಲಿ ಮುಖ ಕಾಣಲಿಲ್ಲವೆಂದು ನಾವು ಯಾರನ್ನೂ ನಟರಲ್ಲ ಎನ್ನಲಿಲ್ಲ.

ಇನ್ನು ವಯಸ್ಸಿನ ಮಾತು. 1992ರ ಮಾರ್ಚ್ 7ರಂದು ಜಪಾನಿನಲ್ಲಿ ‘ಸೈಲರ್ ಮೂನ್’ ಶುರುವಾದಾಗ ಅದರ ನಾಯಕಿ ಉಸಾಗಿ ತ್ಸುಕಿನೊಗೆ ಹದಿನಾಲ್ಕು ವರ್ಷ, ಅವಳ ದನಿಯಾದ ಕೊತೊನೊ ಮಿತ್ಸುಇಶಿಯವರಿಗೆ ಇಪ್ಪತ್ತನಾಲ್ಕು. ಉಸಾಗಿ ಅಳುಬುರುಕಿ, ನಿದ್ದೆಬಡುಕಿ, ಪರೀಕ್ಷೆಯಲ್ಲಿ ಹಿಂದೆ. ಜಗತ್ತನ್ನು ಕಾಯುವ ಕೆಲಸ ಬಂದಿದ್ದು ಅವಳ ಪಾಲಿಗೆ. ಐದು ಸರಣಿಗಳಲ್ಲಿ 200 ಕಂತುಗಳು ಬಂದವು. 2014ರಲ್ಲಿ ಕಥೆಯನ್ನು ಹೊಸದಾಗಿ ಮಾಡಿದಾಗ ಜೊತೆಯ ಯೋಧೆಯರ ದನಿಗಳೆಲ್ಲ ಬದಲಾದವು, ಉಸಾಗಿಯ ದನಿ ಬದಲಾಗಲಿಲ್ಲ. ಆ ಹೊಸ ಸರಣಿಯ ಕೊನೆಯ ಚಿತ್ರಗಳು 2023ರಲ್ಲಿ ತೆರೆಗೆ ಬಂದಾಗ ಮಿತ್ಸುಇಶಿಯವರಿಗೆ ಐವತ್ತೈದು ದಾಟಿತ್ತು. ಅವರು ಆಗಲೂ ಶಾಲೆಗೆ ಹೋಗುವ ಹುಡುಗಿಯೇ ಆಗಿದ್ದರು. ಮೇಷ್ಟ್ರೇ, ನಿಮ್ಮ ಊರಿನ ಬಯಲಿನಲ್ಲಿ ಐವತ್ತು ದಾಟಿದ ಕಲಾವಿದರು ಅಭಿಮನ್ಯುವಾಗಿ ಕುಣಿದಾಗ ನೀವು ಅವರ ಜನ್ಮದಿನಾಂಕ ಕೇಳಿದ್ದೀರಾ? ಚಕ್ರವ್ಯೂಹದ ಮುಂದೆ ನಿಂತ ಹುಡುಗನನ್ನು ಕಂಡಿರಲ್ಲವೇ?

ಮಿತ್ಸುಇಶಿಯವರ ವಿಷಯ ಬಂದಾಗ ಒಂದು ಘಟನೆ ಹೇಳದೆ ಮುಂದೆ ಹೋಗಲಾರೆ. ಮೊದಲ ಸರಣಿ ಮುಗಿಯುವ ಹೊತ್ತಿಗೆ ಅವರು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ಕಥೆ ತುತ್ತತುದಿಗೆ ಬಂದಿತ್ತು, ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಪ್ರಾಣ ಕೊಡುವ ಕಂತುಗಳವು. ನಿಲ್ಲಿಸುವಂತಿರಲಿಲ್ಲ. 44ನೆಯ ಕಂತಿನಿಂದ 50ರವರೆಗೆ ಕಾಎ ಅರಾಕಿ ಎಂಬ ಕಲಾವಿದೆ ಉಸಾಗಿಯಾದರು. ಇನ್ನೊಬ್ಬರ ಪಾತ್ರವನ್ನು ಅದರ ಅತ್ಯಂತ ಕಷ್ಟದ ಗಳಿಗೆಯಲ್ಲಿ ಕೈಗೆತ್ತಿಕೊಂಡು, ನೋಡುವ ಮಕ್ಕಳಿಗೆ ತೊಡಕಾಗದಂತೆ ದಾಟಿಸಿ, ಮತ್ತೆ ಅವರಿಗೇ ಒಪ್ಪಿಸಿದರು. ಮುಂದೆ ಎರಡನೆಯ ಸರಣಿಯಲ್ಲಿ ಉಸಾಗಿಯ ಮಗಳು ಚಿಬಿಉಸಾ ಭವಿಷ್ಯದಿಂದ ಬರುತ್ತಾಳೆ. ಆ ಮಗಳ ದನಿ ಇದೇ ಅರಾಕಿಯವರದು! ತಾಯಿಯ ಜಾಗದಲ್ಲಿ ನಿಂತವರು ಮಗಳಾದರು. ಹಗಲಿಡೀ ಜಗಳವಾಡುವ ಆ ತಾಯಿ ಮಗಳ ದೃಶ್ಯಗಳನ್ನು ಇದು ಗೊತ್ತಿದ್ದು ಕೇಳಿದರೆ ಬೇರೆಯೇ ಆಗಿ ಕೇಳಿಸುತ್ತದೆ.

ಎಲ್ಲರೂ ‘ವಯಸ್ಸಾದ ಹೆಂಗಸರು’ ಅಲ್ಲ ಎಂಬುದನ್ನೂ ಸೇರಿಸುತ್ತೇನೆ. 1983ರ ‘ಕ್ರೀಮಿ ಮಾಮಿ’ಯಲ್ಲಿ ಪುಟ್ಟ ಹುಡುಗಿಯೊಬ್ಬಳು ಮಾಯೆಯಿಂದ ಹದಿಹರೆಯದ ಗಾಯಕಿಯಾಗಿ ಹೆಸರು ಮಾಡುತ್ತಾಳೆ. ಅವಳ ದನಿಯಾದ ತಕಾಕೊ ಓಹ್ತಾ ಆಗಷ್ಟೇ ಹಾಡಲು ಬಂದ ಹದಿಹರೆಯದ ಗಾಯಕಿಯೇ. ಅಭಿನಯದ ಅನುಭವ ಇಲ್ಲದ ಹುಡುಗಿ ಮಾತು ಕಲಿಯುವುದೂ ಕಥೆಯ ಹುಡುಗಿ ವೇದಿಕೆ ಕಲಿಯುವುದೂ ಜೊತೆಜೊತೆಗೆ ನಡೆದವು.

ಒಂದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸುತ್ತಾರೆ ಎಂಬ ನಿಮ್ಮ ದೂರು ನಿಜ. ವಾರಕ್ಕೊಂದು ಕಂತು, ಪ್ರತಿ ಕಂತಿಗೆ ಸಾವಿರಾರು ಚಿತ್ರ. ಹಣವೂ ಕಡಿಮೆ, ಕೈಗಳೂ ಕಡಿಮೆ. ಆದ್ದರಿಂದ ವೇಷ ಬದಲಾಗುವ ಆ ಅರ್ಧ, ಮುಕ್ಕಾಲು ನಿಮಿಷವನ್ನು ಒಳ್ಳೆಯ ಚಿತ್ರಕಾರರಿಂದ ಒಮ್ಮೆ ಮನಸಾರೆ ಬರೆಸಿ ಇಟ್ಟುಕೊಂಡು ಪ್ರತಿ ವಾರ ಬಳಸುತ್ತಾರೆ. ಠೇವಣಿ ಇಟ್ಟು ಬೇಕಾದಾಗ ತೆಗೆಯುವ ಈ ಪದ್ಧತಿಗೆ ಅಲ್ಲಿಯವರು ‘ಬ್ಯಾಂಕ್’ ಎಂದೇ ಹೆಸರಿಟ್ಟಿದ್ದಾರೆ. ಹುಟ್ಟಿದ್ದು ಉಳಿತಾಯದಿಂದ, ಆದರೆ ಅದು ಉಳಿದದ್ದು ಮಕ್ಕಳು ಅದಕ್ಕಾಗಿಯೇ ಕಾಯುತ್ತಾರೆ ಎಂಬ ಕಾರಣಕ್ಕೆ. ಪಾಂಡವರ ಒಡ್ಡೋಲಗವನ್ನು ನೀವು ಎಷ್ಟು ಸಲ ನೋಡಿದ್ದೀರಿ? ತೆರೆ ಹಿಡಿದದ್ದು, ಕಿರೀಟದ ತುದಿ ಕಂಡದ್ದು, ಚೆಂಡೆ ಏರಿದ್ದು, ಎಲ್ಲವೂ ನಿನ್ನೆಯಂತೆಯೇ. ಹಾಗೆಂದು ‘ಇದನ್ನು ನಿನ್ನೆಯೇ ನೋಡಿದ್ದೇವೆ’ ಎಂದು ಯಾರೂ ಎದ್ದು ಹೋಗುವುದಿಲ್ಲ. ನಿಮ್ಮ ಮೊಮ್ಮಗಳು ಆ ದೃಶ್ಯ ಬಂದಾಗ ಬಾಯಿ ಆಡಿಸುತ್ತಿದ್ದಳೋ ಏನೋ ನೆನಪಿಸಿಕೊಳ್ಳಿ. ‘ಮೂನ್ ಪ್ರಿಸಂ ಪವರ್, ಮೇಕಪ್’ ಎಂಬ ಕೂಗು ಅವಳಿಗೆ ಬಾಯಿಪಾಠವಾಗಿರುತ್ತದೆ.

ಈ ಪರಂಪರೆ ಹಳೆಯದು. ಅಮೆರಿಕದ ದೂರದರ್ಶನದ ಮಾಟಗಾತಿ ಗೃಹಿಣಿಯೊಬ್ಬಳ ಹಾಸ್ಯ ಧಾರಾವಾಹಿಯಿಂದ ಪ್ರೇರಣೆ ಪಡೆದು 1966ರ ಡಿಸೆಂಬರಿನಲ್ಲಿ ತೋಎ ಸಂಸ್ಥೆಯು ‘ಮಾಂತ್ರಿಕೆ ಸ್ಯಾಲಿ’ಯನ್ನು ಆರಂಭಿಸಿತು. ಮೊದಲ ಕಂತುಗಳು ಕಪ್ಪುಬಿಳುಪು. ಸ್ಯಾಲಿಯ ದನಿ ಮಿಚಿಕೊ ಹಿರಾಇಯವರದು. 1969ರಲ್ಲಿ ಬಂದ ಅಕ್ಕೊ ಎಂಬ ಹುಡುಗಿಯ ಕೈಯಲ್ಲಿ ಮಂತ್ರದ ಪುಟ್ಟ ಕನ್ನಡಿ ಇತ್ತು, ಮತ್ತು ಆ ಕನ್ನಡಿ ಆಟಿಕೆಯಾಗಿ ಅಂಗಡಿಗೂ ಬಂತು. ಅಲ್ಲಿಂದ ಮುಂದೆ ಈ ಕಥೆಗಳ ಹಿಂದೆ ಆಟಿಕೆಯ ಕಂಪನಿಗಳು ನಿಂತೇ ಇವೆ. ಈ ಮಾತನ್ನು ನೀವು ಪತ್ರದಲ್ಲಿ ಎತ್ತಿಲ್ಲ, ಎತ್ತಿದ್ದರೆ ನಾನು ನಿಮ್ಮ ಪಕ್ಷ. ಪ್ರತಿ ವರ್ಷ ಹೊಸ ದಂಡ, ಹೊಸ ಪೆಟ್ಟಿಗೆ, ಹೊಸ ಪದಕ. ಮಗುವಿನ ಆಸೆಯನ್ನು ಹೀಗೆ ಎಳೆಯುವುದು ನನಗೆ ಇಷ್ಟವಿಲ್ಲ. ವೇಷ ಬದಲಿಸುವ ದೃಶ್ಯಗಳಲ್ಲಿ ಹುಡುಗಿಯರ ಮೈಯನ್ನು ತೋರಿಸುವ ರೀತಿಯೂ ಕೆಲವು ಸರಣಿಗಳಲ್ಲಿ ನನಗೆ ಸರಿಬಂದಿಲ್ಲ.

ಹಾಗಾಗಿಯೇ 2004ರ ಫೆಬ್ರುವರಿ 1ರಂದು ಶುರುವಾದ ‘ಪ್ರೀಕ್ಯೂರ್’ ನನಗೆ ಮುಖ್ಯವಾಗಿ ಕಾಣುತ್ತದೆ. ನಿರ್ಮಾಪಕ ತಕಾಶಿ ವಾಶಿಯೊ ಹುಡುಗಿಯರಿಗೂ ಹೊಡೆದಾಡಿ ಕುಣಿದಾಡುವ ಆಸೆಯಿದೆ ಎಂಬ ಒಂದೇ ಮಾತನ್ನು ಹಿಡಿದು ಹೊರಟರು. ನಿರ್ದೇಶನಕ್ಕೆ ಬಂದವರು ಹೊಡೆದಾಟದ ಅನಿಮೆ ‘ಡ್ರ್ಯಾಗನ್ ಬಾಲ್ ಝೆಡ್’ನ ದೈಸುಕೆ ನಿಶಿಯೊ. ಈ ಹುಡುಗಿಯರು ದಂಡ ಬೀಸಿ ಸುಮ್ಮನಾಗುವುದಿಲ್ಲ, ಮುಷ್ಟಿ ಕಟ್ಟಿ ಗುದ್ದುತ್ತಾರೆ. ಲಂಗದ ಕೆಳಗೆ ಚಡ್ಡಿ ತೊಟ್ಟೇ ಕಾಲೆತ್ತಿ ಒದೆಯುತ್ತಾಳೆ ಕ್ಯೂರ್ ಬ್ಲ್ಯಾಕ್. ಅವಳ ದನಿ ಯೊಕೊ ಹೊನ್ನಾ, ಜೊತೆಗಾತಿ ಕ್ಯೂರ್ ವೈಟ್‌ಳ ದನಿ ಯುಕಾನಾ.

ಆ ಸರಣಿಯ ಎಂಟನೆಯ ಕಂತನ್ನು ನಿಮಗಾಗಿ ಇನ್ನೊಮ್ಮೆ ನೋಡಿದೆ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಕ್ಯೂರ್ ಬ್ಲ್ಯಾಕ್ ಆಗುವ ನಾಗಿಸಾ ಆಟದ ಹುಡುಗಿ, ಕ್ಯೂರ್ ವೈಟ್ ಆಗುವ ಹೊನೊಕಾ ಓದಿನ ಹುಡುಗಿ. ಒಂದೇ ತರಗತಿಯವರಾದರೂ ಸ್ನೇಹಿತರಲ್ಲ. ವಿಧಿ ಇಬ್ಬರನ್ನೂ ಒಂದೇ ಕೆಲಸಕ್ಕೆ ಕಟ್ಟಿಹಾಕಿದೆ. ಏಳು ಕಂತುಗಳ ಉದ್ದಕ್ಕೂ ಒಬ್ಬರನ್ನೊಬ್ಬರು ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಯುತ್ತಾರೆ: ಮಿಸುಮಿ ಸಾನ್, ಯುಕಿಶಿರೊ ಸಾನ್. ನಮ್ಮಲ್ಲಿ ಹೊಸಬರನ್ನು ‘ನೀವು’ ಎನ್ನುವ ಹಾಗೆ. ಎಂಟನೆಯ ಕಂತಿನಲ್ಲಿ ಹೊನೊಕಾ ಒಳ್ಳೆಯದಾಗಲೆಂದು ಮಾಡಿದ ಒಂದು ಕೆಲಸ ನಾಗಿಸಾಳ ಮನಸ್ಸು ನೋಯಿಸುತ್ತದೆ. ಜಗಳ ಹತ್ತುತ್ತದೆ, ನೀನು ನನ್ನ ಗೆಳತಿಯೇ ಅಲ್ಲ ಎನ್ನುವವರೆಗೆ ಮಾತು ಬೆಳೆಯುತ್ತದೆ. ಆಮೇಲೆ ಇಬ್ಬರ ಟಿಪ್ಪಣಿ ಪುಸ್ತಕಗಳು ಅದಲುಬದಲಾಗಿ, ಒಬ್ಬಳ ಮನಸ್ಸನ್ನು ಇನ್ನೊಬ್ಬಳು ಓದುತ್ತಾಳೆ. ಕಂತು ಮುಗಿಯುವಷ್ಟರಲ್ಲಿ ‘ಸಾನ್’ ಬಿದ್ದುಹೋಗಿ ‘ನಾಗಿಸಾ’, ‘ಹೊನೊಕಾ’ ಎಂಬ ಬರೀ ಹೆಸರುಗಳು ಉಳಿಯುತ್ತವೆ. ಚಿತ್ರದಲ್ಲಿ ಆಗುವುದು ಅಷ್ಟೇ, ಎರಡು ಹೆಸರು. ಆದರೆ ಯುಕಾನಾ ‘ನಾಗಿಸಾ’ ಎಂಬ ಮೂರು ಅಕ್ಷರಗಳನ್ನು ಎಷ್ಟು ಹುಷಾರಾಗಿ ನುಡಿಯುತ್ತಾರೆಂದರೆ, ಮೊದಲ ಸಲ ಒಬ್ಬರನ್ನು ಏಕವಚನದಲ್ಲಿ ಕರೆದಾಗ ನಮ್ಮ ನಾಲಿಗೆಗೆ ಆಗುವ ಅಂಜಿಕೆ ಅದರಲ್ಲಿ ಕೇಳಿಸುತ್ತದೆ. ಇದನ್ನು ಯಾವ ಚಿತ್ರಕಾರನೂ ಬರೆಯಲಾರ.

ಅಭಿನಯದ ಇನ್ನೂ ಎತ್ತರದ ಉದಾಹರಣೆ ಬೇಕಿದ್ದರೆ 2011ರ ‘ಮಡೊಕಾ ಮ್ಯಾಜಿಕಾ’ ಇದೆ. ಹನ್ನೆರಡೇ ಕಂತು. ಮೊಮ್ಮಗಳಿಗೆ ಈಗಲೇ ತೋರಿಸಬೇಡಿ. ಸಾವು, ಹತಾಶೆ ತುಂಬ ಇವೆ. ನೀವು ಮಾತ್ರ ನೋಡಿ. ಅದರಲ್ಲಿ ಹೊಮುರಾ ಎಂಬ ಹುಡುಗಿ ಮೊದಲಿನಿಂದ ಕಲ್ಲಿನಂತೆ ಮಾತನಾಡುತ್ತಾಳೆ. ಹತ್ತನೆಯ ಕಂತಿನಲ್ಲಿ ಹಿಂದಿನ ಕಥೆ ತೆರೆದುಕೊಳ್ಳುತ್ತದೆ: ಆಸ್ಪತ್ರೆಯಿಂದ ಬಂದ, ಕನ್ನಡಕದ, ಎರಡು ಜಡೆಯ ಅಂಜುಬುರುಕಿ ಹುಡುಗಿ. ಗೆಳತಿ ಮಡೊಕಾಳನ್ನು ಉಳಿಸಲು ಅವಳು ಕಾಲವನ್ನು ಹಿಂದಕ್ಕೆ ತಿರುಗಿಸುತ್ತಾಳೆ, ಸೋಲುತ್ತಾಳೆ, ಮತ್ತೆ ತಿರುಗಿಸುತ್ತಾಳೆ. ಒಂದೊಂದು ಸುತ್ತಿಗೂ ಚಿವಾ ಸೈತೊ ಅವರ ದನಿಯಿಂದ ಒಂದೊಂದು ಪದರ ಮೆತ್ತಗಿದ್ದದ್ದು ಕಳಚುತ್ತದೆ. ಮೊದಲು ತೊದಲು ಹೋಗುತ್ತದೆ, ಆಮೇಲೆ ಬೇಡಿಕೆಯ ಸ್ವರ, ಕೊನೆಗೆ ಅಳು. ಇಪ್ಪತ್ತನಾಲ್ಕು ನಿಮಿಷದೊಳಗೆ ನಮ್ಮ ಕಿವಿಯ ಎದುರೇ ಮಗು ಕಲ್ಲಾಗುತ್ತದೆ. ಅದೇ ಕೃತಿಯಲ್ಲಿ ಕ್ಯೂಬೆ ಎಂಬ ಮುದ್ದು ಪ್ರಾಣಿಗೆ ದನಿಯಾದ ಎಮಿರಿ ಕಾತೊ ಮಾಡಿದ್ದು ಇದಕ್ಕೆ ತಿರುಗುಮುರುಗು. ಎಂಥ ಘೋರ ಸತ್ಯ ಹೇಳುವಾಗಲೂ ಆ ಮುದ್ದು ಸ್ವರ ಒಂದು ಎಳೆಯೂ ಕದಲುವುದಿಲ್ಲ. ನೀವು ಕೀರಲು ಎಂದ ದನಿಯೇ ಅಲ್ಲಿ ಬೆನ್ನಿಗೆ ಚಳಿ ಹುಟ್ಟಿಸುತ್ತದೆ. ಮಡೊಕಾ ಆಗಿದ್ದ ಅಓಇ ಯೂಕಿ ಅವರಿಗೆ ಪ್ರಸಾರ ಶುರುವಾದಾಗ ಹದಿನೆಂಟು ವರ್ಷ. ಆ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಿಂದ ಪ್ರಸಾರ ನಿಂತು, ಕೊನೆಯ ಕಂತುಗಳು ಏಪ್ರಿಲ್‌ನಲ್ಲಿ ಬಂದವು.

ಇಷ್ಟು ಮಾಡುವವರಿಗೆ ಸಿಗುವುದೇನು ಎಂಬುದನ್ನೂ ಹೇಳಬೇಕು. 1973ರ ಆಗಸ್ಟ್‌ನಲ್ಲಿ ಜಪಾನಿನ ದನಿ ಕಲಾವಿದರು ಒಂದು ದಿನ ಕೆಲಸ ನಿಲ್ಲಿಸಿ ಬೀದಿಗಿಳಿದ ಮೇಲೆಯೇ ಅವರ ಸಂಭಾವನೆ ಏರಿತು. ಈಗಲೂ ಕಲಾವಿದರ ಸಂಘದ ದರ್ಜೆಯ ಪದ್ಧತಿಯಲ್ಲಿ ಕೆಳಗಿನ ಮೆಟ್ಟಿಲಿನವರಿಗೆ ಅರ್ಧ ಗಂಟೆಯ ಒಂದು ಕಂತಿಗೆ 15,000 ಯೆನ್. ಮಾತು ಒಂದಿರಲಿ, ನೂರಿರಲಿ, ಅಷ್ಟೇ. ನಾನಾ ಮಿಝುಕಿಯಂಥವರು ಅಪರೂಪ. ಅವರು ಊರಿನಲ್ಲಿ ‘ಎಂಕಾ’ ಎಂಬ ಸಾಂಪ್ರದಾಯಿಕ ಶೈಲಿಯ ಹಾಡು ಕಲಿತವರು. 2010ರ ‘ಹಾರ್ಟ್‌ಕ್ಯಾಚ್ ಪ್ರೀಕ್ಯೂರ್’ನ ನಾಯಕಿಯಾಗಿ ನಟಿಸಿ, ಮರುವರ್ಷ ಟೋಕಿಯೊ ಡೋಮ್ ಕ್ರೀಡಾಂಗಣವನ್ನು ತಮ್ಮ ಹಾಡಿನಿಂದಲೇ ತುಂಬಿಸಿದರು. ಉಳಿದ ನೂರಾರು ಜನ ಬೇರೆ ಕೆಲಸ ಮಾಡಿಕೊಂಡೇ ಮುಂದಿನ ಕರೆಗೆ ಕಾಯುತ್ತಾರೆ. ಹವ್ಯಾಸಿ ರಂಗಭೂಮಿಯ ಮೂವತ್ತು ವರ್ಷ ಕಂಡ ನಿಮಗೆ ಆ ಕಾಯುವಿಕೆಯನ್ನು ನಾನು ವಿವರಿಸಬೇಕಿಲ್ಲ.

ಮೊಮ್ಮಗಳು ಮುಂದಿನ ರಜೆಗೆ ಬಂದಾಗ ಆ ಎಂಟನೆಯ ಕಂತನ್ನು ಅವಳಿಂದಲೇ ಹಾಕಿಸಿ. ಜಪಾನೀ ದನಿಯಲ್ಲೇ ಕೇಳಿ, ಅಡಿಬರಹವನ್ನು ಅವಳು ಓದಿ ಹೇಳಲಿ. ಆ ಎರಡು ಹೆಸರುಗಳು ನಿಮಗೆ ಹೇಗೆ ಕೇಳಿಸಿದವೆಂದು ಬರೆಯಿರಿ. ನನ್ನ ಮಾತನ್ನು ಒಪ್ಪದಿದ್ದರೂ ಪತ್ರವನ್ನು ಪೂರ್ತಿಯಾಗಿ ಪ್ರಕಟಿಸುತ್ತೇನೆ.

– ಸಂಪಾದಕ