ಮೊದಲ ಮಹಾಯುದ್ಧದಲ್ಲಿ, 1914ರ ಕ್ರಿಸ್ಮಸ್ ದಿನ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಯುದ್ಧ ನಿಲ್ಲಿಸಿ ಫುಟ್‌ಬಾಲ್ ಆಡಿದ್ದು ನಿಜವಾ? ಮನೆಯಿಂದ ಅಷ್ಟು ದೂರ ಇದ್ದವರಿಗೆ ಅವತ್ತು ಹಬ್ಬ ಅಂತ ಏನಿತ್ತು?

ಗುಂಡು ಹಾರಿಸುವುದು ನಿಂತಿದ್ದು ನಿಜ. ಫುಟ್‌ಬಾಲ್ ಕಥೆ ಮಾತ್ರ ಸ್ವಲ್ಪ ಜಾಸ್ತಿಯೇ ಬೆಳೆದಿದೆ. ಅಲ್ಲಲ್ಲಿ ಚೆಂಡು ಒದ್ದಿದ್ದನ್ನು ಕೆಲವರು ಪತ್ರದಲ್ಲಿ ಬರೆದಿದ್ದಾರೆ, ಆದರೆ ತಂಡ ಕಟ್ಟಿ ದೊಡ್ಡ ಪಂದ್ಯ ಆಡಿದ್ದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಈ ಪಂದ್ಯದ ಗದ್ದಲದಲ್ಲಿ ಅವತ್ತಿನ ಮುಖ್ಯ ಕೆಲಸವನ್ನೇ ಜನ ಮರೆಯುತ್ತಾರೆ ಅನ್ನೋದು ನನ್ನ ಬೇಸರ. ಸತ್ತವರನ್ನು ಹೂಳುವುದು ಆ ಕೆಲಸ.

ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಕಂದಕಗಳಲ್ಲಿ ಆ ಡಿಸೆಂಬರ್‌ನಲ್ಲಿ ಹೆಚ್ಚಿನ ದಿನ ಮಳೆ, ಕೆಸರು. ಎದುರುಬದುರು ಕಂದಕಗಳ ನಡುವಿನ ಬಯಲಲ್ಲಿ ಹೆಣಗಳು ಹಾಗೇ ಬಿದ್ದಿದ್ದವು. ತರಲು ಹೋದವನೂ ಅಲ್ಲೇ ಬೀಳುತ್ತಿದ್ದ. ಹಬ್ಬದ ಹೊತ್ತಿಗೆ ಚಳಿ ಏರಿ ನೆಲ ಹೆಪ್ಪುಗಟ್ಟಿತು. ರಾತ್ರಿ ಜರ್ಮನ್ನರು ಕಂದಕದ ಅಂಚಿನಲ್ಲಿ ಪುಟ್ಟ ಕ್ರಿಸ್ಮಸ್ ಮರಗಳನ್ನಿಟ್ಟು ಮೇಣದಬತ್ತಿ ಹಚ್ಚಿದರು, ಹಾಡಿದರು. ಬೆಳಗ್ಗೆ ಹಲವು ಕಡೆ ಎರಡೂ ಕಡೆಯವರು ಹೊರಗೆ ಬಂದು ತಮ್ಮವರನ್ನು ಮಣ್ಣು ಮಾಡಿದರು. ಕೆಲವೆಡೆ ಒಟ್ಟಿಗೇ ಪ್ರಾರ್ಥನೆಯೂ ಆಯಿತು. ಸಿಗರೇಟು, ಕೋಟಿನ ಗುಂಡಿ ಅದಲುಬದಲು ಮಾಡಿಕೊಂಡರು. ಎಲ್ಲ ಕಡೆ ಹೀಗಾಗಲಿಲ್ಲ, ಅವತ್ತೂ ಗುಂಡೇಟಿಗೆ ಸತ್ತವರಿದ್ದಾರೆ.

ಹಬ್ಬ ಅಂತ ಬ್ರಿಟಿಷ್ ಪಡೆಯವರ ಕೈಗೆ ಬಂದಿದ್ದು ಒಂದು ಹಿತ್ತಾಳೆ ಡಬ್ಬಿ. ಹದಿನೇಳು ವರ್ಷದ ರಾಜಕುಮಾರಿ ಮೇರಿಯ ಹೆಸರಲ್ಲಿ ಜನರಿಂದ ಹಣ ಎತ್ತಿ ಕೊಟ್ಟಿದ್ದು. ಮುಚ್ಚಳದ ಮೇಲೆ ಅವಳ ಮುಖ, ಒಳಗೆ ತಂಬಾಕು, ಸಿಗರೇಟು, ಶುಭಾಶಯದ ಕಾರ್ಡು. ಸೇದದವರಿಗೆ ಬರೆಯಲು ಕಾಗದ, ಪೆನ್ಸಿಲು. ಸಿಖ್ಖರಿಗೆ ತಂಬಾಕಿನ ಬದಲು ಕಲ್ಲುಸಕ್ಕರೆ ಮತ್ತು ಮಸಾಲೆ. ಹೌದು, ನಮ್ಮ ದೇಶದವರೂ ಅಲ್ಲಿದ್ದರು! ಗಢ್ವಾಲ್ ರೈಫಲ್ಸ್‌ನ ಸೈನಿಕರು ಕೂಡ ಆ ದಿನ ಹೊರಬಂದು ಜರ್ಮನ್ನರನ್ನು ಭೇಟಿಯಾದರು. ಕ್ರಿಸ್ಮಸ್ ಅವರ ಹಬ್ಬವಲ್ಲ, ಊರು ಹಿಮಾಲಯದ ತಪ್ಪಲಲ್ಲಿ. ಅವರಷ್ಟು ದೂರ ಬಂದವರು ಆ ಸಾಲಿನಲ್ಲಿ ಕಡಿಮೆ, ಅಲ್ವಾ?

ಇದೆಲ್ಲ ಹೊರಗೆ ಗೊತ್ತಾಗಿದ್ದು ಮುಖ್ಯವಾಗಿ ಸೈನಿಕರು ಮನೆಗೆ ಬರೆದ ಪತ್ರಗಳಿಂದ. ಮನೆಯವರು ಅವನ್ನು ಪತ್ರಿಕೆಗಳಿಗೆ ಕೊಟ್ಟರು. ಮೇಲಧಿಕಾರಿಗಳಿಗೆ ಇದು ಹಿಡಿಸಲಿಲ್ಲ. 1915ರ ಕ್ರಿಸ್ಮಸ್‌ಗೆ ಮೊದಲೇ ಕಟ್ಟಪ್ಪಣೆ ಬಂತು. ಆದರೂ ಸ್ಕಾಟ್ಸ್ ಗಾರ್ಡ್ಸ್ ಎಂಬ ಬ್ರಿಟಿಷ್ ದಳದ ಸರ್ ಇಯಾನ್ ಕಹೂನ್ ಎಂಬ ಕ್ಯಾಪ್ಟನ್, ಹೆಣ ಹೂಳಲು ಮುಕ್ಕಾಲು ಗಂಟೆ ಬಿಡುವು ಕೊಡಲು ಒಪ್ಪಿದ. ಅದಕ್ಕಾಗಿ ಅವನ ಮೇಲೆ ಕೋರ್ಟ್ ಮಾರ್ಷಲ್ ನಡೆಯಿತು.