ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನಿನ ಟ್ಯಾಪೆಟ್ ಸೆಟ್ಟಿಂಗ್ ನಾವೇ ಮಾಡಬಹುದೇ? ಗೋವಾದಲ್ಲಿದ್ದೇವೆ, 1600 ಸಿಸಿ ಏರ್‌ಕೂಲ್ಡ್ ಇಂಜಿನ್.

ಮಾಡಬಹುದು. ಆದರೆ ಇಂಜಿನ್ ಪೂರ್ತಿ ತಣ್ಣಗಿರಬೇಕು. ಮಾಪ್ಸಾ ಸಂತೆಗೆ ಹೋಗಿ ಬಂದು ಒಂದು ತಾಸು ಬಿಟ್ಟರೆ ಸಾಲದು. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕೈಹಾಕಿ.

ಟ್ಯಾಪೆಟ್ ಸೆಟ್ಟಿಂಗ್ ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್ ಹೊಂದಿಸುವುದು. ಈ ಗ್ಯಾಪ್ ಇನ್‌ಲೆಟ್, ಎಕ್ಸಾಸ್ಟ್ ವಾಲ್ವ್ ಎರಡಕ್ಕೂ 0.15 ಮಿ.ಮೀ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಒಳಗಿನ ರೋಟರ್ ಡಿಸ್ಟ್ರಿಬ್ಯೂಟರ್ ಅಂಚಿನ ಗೀರಿಗೆ ಬರುವಂತೆ, ಪುಲ್ಲಿಯ ಟಿಡಿಸಿ ಗುರುತು (ಪಿಸ್ಟನ್ ತುತ್ತತುದಿಗೆ ಬಂದಿರುವುದನ್ನು ತೋರಿಸುವ ಗುರುತು) ಕ್ರ್ಯಾಂಕ್‌ಕೇಸಿನ ಎರಡು ಭಾಗ ಕೂಡುವ ಗೆರೆಗೆ ಸರಿಹೊಂದುವಂತೆ ಪುಲ್ಲಿಯನ್ನು ತಿರುಗಿಸಿ. ಇದು 1ನೇ ಸಿಲಿಂಡರ್: ವ್ಯಾನ್ ಓಡುವ ದಿಕ್ಕಿಗೆ ನೋಡಿದರೆ ಬಲಬದಿ, ಮುಂದಿನದು. ಅದರ ಎರಡೂ ವಾಲ್ವ್ ನೋಡಿದ ಮೇಲೆ ಪುಲ್ಲಿಯನ್ನು ಎಡಕ್ಕೆ (ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ) ಅರ್ಧ ಸುತ್ತು ತಿರುಗಿಸಿದರೆ 2, ಮತ್ತರ್ಧಕ್ಕೆ 3, ಆಮೇಲೆ 4.

ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಬೆಣ್ಣೆಯಲ್ಲಿ ಎಳೆದ ಚಾಕುವಿನಂತೆ ತುಸು ಹಿಡಿದು ಜಾರಬೇಕು. ಎಲ್ಲರೂ ಎಡವುವುದು ಮುಂದೆ: ಲಾಕ್‌ನಟ್ ಬಿಗಿಯುವಾಗ ಗ್ಯಾಪ್ ಹೊಂದಿಸುವ ಸ್ಕ್ರೂ ಕೂಡ ತಿರುಗಿ ಗ್ಯಾಪ್ ಕಡಿಮೆಯಾಗುತ್ತದೆ. ಸ್ಕ್ರೂಡ್ರೈವರಿನಿಂದ ಸ್ಕ್ರೂ ಹಿಡಿದೇ ಪಾನಾ ತಿರುಗಿಸಿ, ಬಿಗಿದ ಮೇಲೆ ಮತ್ತೆ ಅಳೆಯಿರಿ.

ಟಕ್‌ಟಕ್ ಸದ್ದಿಗೆ ಹೆದರಬೇಡಿ, ಸದ್ದಿಲ್ಲದ ವಾಲ್ವಿಗೆ ಹೆದರಿ. ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರದು, ಅದರ ಬಿಸಿ ಸಿಲಿಂಡರ್ ಹೆಡ್‌ಗೆ ಇಳಿಯದು. ಎಕ್ಸಾಸ್ಟ್ ವಾಲ್ವ್ ಸುಟ್ಟು ಕೊನೆಗೆ ವಾಲ್ವಿನ ತಲೆಯೇ ಮುರಿದು ಬೀಳುತ್ತದೆ. ಹಳೇ ಮಾದರಿಗಳಲ್ಲಿ ಆಯಿಲ್ ಕೂಲರ್ 3ನೇ ಸಿಲಿಂಡರಿನ ಗಾಳಿಗೆ ಅಡ್ಡ ಇರುವುದರಿಂದ ಆ ಸಿಲಿಂಡರ್ ಹೆಚ್ಚು ಕಾಯುತ್ತದೆ, ಅದರ ವಾಲ್ವ್‌ಗಳನ್ನು ಎರಡು ಸಲ ನೋಡಿ.

ಟ್ಯಾಪೆಟ್ ಕವರಿಗೆ ಪ್ರತಿಸಲ ಹೊಸ ಕಾರ್ಕ್ ಗ್ಯಾಸ್ಕೆಟ್ ಹಾಕಿ. ಹಳೆಯದು ಸೋರಿದರೆ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದು ಹೊಗೆಯಾಡುತ್ತದೆ. ಸುಮಾರು 5000 ಕಿ.ಮೀ.ಗೊಮ್ಮೆ, ಆಯಿಲ್ ಬದಲಿಸುವಾಗಲೇ ಇದನ್ನೂ ಮುಗಿಸಿಕೊಳ್ಳಿ.