ಬ್ರಿಟನ್ನಿನ ಬೇಸಿಗೆ ಇಂಗ್ಲಿಷ್ ವಸತಿ ಕೋರ್ಸ್: ನಂಬಿಕೆಗೆ ಅರ್ಹವಾದುದನ್ನು ಗುರುತಿಸುವುದು ಹೇಗೆ?

ಹದಿನೈದು ವರ್ಷದ ಮಗಳನ್ನು ಮೂರು ವಾರಗಳ ಇಂಗ್ಲಿಷ್ ಕೋರ್ಸಿಗೆ ಬ್ರಿಟನ್ನಿಗೆ ಕಳುಹಿಸಲು ಬಯಸುವ ನೀವು ಸಂಸ್ಥೆಯ ಆಯ್ಕೆಯ ಬಗ್ಗೆ ಕೇಳಿದ್ದೀರಿ. ಏಜೆಂಟರು ಕೊಡುವ ಬಣ್ಣದ ಕರಪತ್ರಗಳನ್ನು ಬದಿಗಿಟ್ಟು, ಮೊದಲು ಆ ಸಂಸ್ಥೆಗೆ ಬ್ರಿಟಿಷ್ ಕೌನ್ಸಿಲ್‌ನ ಮಾನ್ಯತೆ ಇದೆಯೇ ಎಂದು ಕೌನ್ಸಿಲ್‌ನ ಜಾಲತಾಣದಲ್ಲೇ ನೋಡಿ. ಸಂಸ್ಥೆಯ ಪುಟದಲ್ಲಿರುವ ಲಾಂಛನವನ್ನು ಮಾತ್ರ ನಂಬಬೇಡಿ. ಮಾನ್ಯತೆ ಪಡೆದ ಸಂಸ್ಥೆಗಳ ತಪಾಸಣಾ ವರದಿಗಳು ಅಲ್ಲಿ ಎಲ್ಲರಿಗೂ ಲಭ್ಯವಿದ್ದು, ಅವುಗಳಲ್ಲಿ ಹದಿನೆಂಟು ವರ್ಷದೊಳಗಿನವರ ಸುರಕ್ಷತೆಯ ಕುರಿತ ಭಾಗವನ್ನು ನಿಧಾನವಾಗಿ ಓದುವುದು, ನನ್ನ ದೃಷ್ಟಿಯಲ್ಲಿ, ಬೇರೆಲ್ಲ ವಿಚಾರಣೆಗಿಂತ ಮುಖ್ಯ.

ಅನಂತರ ಸಂಸ್ಥೆಗೇ ಬರೆದು ಕೇಳಿ: ರಾತ್ರಿ ಮಕ್ಕಳಿರುವ ಕಟ್ಟಡದಲ್ಲಿ ಯಾರು ತಂಗುತ್ತಾರೆ, ಸಿಬ್ಬಂದಿಯ ಅಪರಾಧ ಹಿನ್ನೆಲೆಯನ್ನು (ಇಂಗ್ಲೆಂಡಿನಲ್ಲಿ ಇದನ್ನು ಡಿಬಿಎಸ್ ತಪಾಸಣೆ ಎನ್ನುತ್ತಾರೆ) ಪರಿಶೀಲಿಸಲಾಗಿದೆಯೇ, ವಿಮಾನ ನಿಲ್ದಾಣದಿಂದ ಯಾರು ಕರೆದೊಯ್ಯುತ್ತಾರೆ, ಮಗು ಅಸ್ವಸ್ಥವಾದರೆ ನಿಮಗೆ ಎಷ್ಟು ಬೇಗ ತಿಳಿಸುತ್ತಾರೆ. ಸ್ಪಷ್ಟ ಲಿಖಿತ ಉತ್ತರ ಕೊಡಲು ಹಿಂಜರಿಯುವವರಿಗೆ ಮುಂಗಡ ಕಟ್ಟಬೇಡಿ.

ಪಾಠದ ವಿಷಯದಲ್ಲಿ, ತರಗತಿಯಲ್ಲಿ ಸಾಮಾನ್ಯವಾಗಿ 16ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದೆಂಬುದು ಮಾನ್ಯತೆಯ ನಿಯಮ. ಆದರೆ ಆ ತರಗತಿಯಲ್ಲಿ ಒಂದೇ ಭಾಷೆಯ ಮಕ್ಕಳೇ ತುಂಬಿದ್ದರೆ ಊಟದ ಹೊತ್ತಿನಲ್ಲೂ ತಮ್ಮ ಮಾತನ್ನೇ ಆಡುವುದು ಸಹಜವಾದ್ದರಿಂದ, ಯಾವ ದೇಶದವರು ಎಷ್ಟು ಮಂದಿ ಎಂದೂ ವಿಚಾರಿಸಿ. ಶುಲ್ಕ ಮರುಪಾವತಿಯ ಷರತ್ತುಗಳನ್ನು, ವಿಶೇಷವಾಗಿ ವೀಸಾ ನಿರಾಕರಣೆಯಾದಾಗ ಅನ್ವಯಿಸುವವನ್ನು, ಮೊದಲೇ ಬರಹದಲ್ಲಿ ಪಡೆಯಿರಿ. ಅಪ್ರಾಪ್ತರ ವೀಸಾ ಅರ್ಜಿಗೆ ಪೋಷಕರ ಒಪ್ಪಿಗೆ ಪತ್ರವೂ ಬೇಕಾಗುತ್ತದೆ.